ಗಿರಿಜವ್ವ ಮುಟ್ಟಿದ ಗಿಡ

ನಿಪ್ಪಾಣಿಯ ಆ ಓಣಿಗೆ ನಳದ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಬಂದರೂ ಧಾರೆ ನೂಲಿನೆಳೆಯಷ್ಟು. ಒಂದು ಕೊಡ ತುಂಬುವುದರೊಳಗೆ ಹೆಂಗಸರು ಊರ ಸುದ್ದಿಯನ್ನೆಲ್ಲ ಮುಗಿಸಿ, ಅಲ್ಲಿಲ್ಲದವರ ಸೊಸೆಯಂದಿರನ್ನೂ ಸರಿಯಾಗಿ ವಿಚಾರಿಸಿಕೊಂಡು, ಕೊನೆಗೆ ಗಿಡಗಳ ಮಾತಿಗೆ ಬರುತ್ತಿದ್ದರು. ಗಿಡ ಅಂದರೆ ದೊಡ್ಡ ತೋಟವೆಂದು ತಿಳಿಯಬೇಡಿ. ಹಿತ್ತಲಿದ್ದವರಿಗೆ ಅಂಗೈಯಷ್ಟು ಹಿತ್ತಲು. ಇಲ್ಲದವರಿಗೆ ಡಾಲ್ಡಾ ಡಬ್ಬಿ, ತಳ ಹೋದ ಬಕೀಟು, ಬಾಯಿ ಒಡೆದ ಗಡಿಗೆ. ಅದರಲ್ಲೇ ನಾಲ್ಕು ಮೆಣಸಿನಗಿಡ, ಎರಡು ಟೊಮ್ಯಾಟೊ, ಒಂದು ಬದನೆ, ಗೋಡೆಗೆ ಹಬ್ಬಿದ ಹೀರೆಬಳ್ಳಿ. ಆದರೆ ಅವುಗಳ ಬಗ್ಗೆ ನಡೆಯುತ್ತಿದ್ದ ಚರ್ಚೆ ಕೇಳಿದರೆ ಕಬ್ಬಿನ ಗದ್ದೆಯ ಯಜಮಾನರೂ ಬಾಯಿ ಮುಚ್ಚಿಕೊಳ್ಳಬೇಕು.

"ನಮ್ಮ ಬದನಿ ಹೂವ ಉದರಾಕತ್ತಾವ ನೋಡ."

"ಇಂಗಿನ ನೀರ ಹಾಕ. ನಾ ಹಾಕಿದ ಮ್ಯಾಲ ಒಂದ ಹೂವೂ ಉದರಿಲ್ಲ."

"ಮೆಣಸಿನ ಎಲಿ ಅಡಿಗಿ ಮಾವಾ ಕುಂತೈತಿ. ಕರ್ರಗ, ಹೇನಿನಂಗ. ಬೂದಿ ಉಗ್ಗಿದೆ, ಜಗ್ಗಲಿಲ್ಲ."

"ಮುಂಜಾನೆ ಇಬ್ಬನಿ ಇದ್ದಾಗ ಉಗ್ಗಬೇಕವಾ. ಬಿಸಲೇರಿದ ಮ್ಯಾಲ ಉಗ್ಗಿದ್ರ ಬೂದಿ ನಿನ್ನ ಮಾರಿಗಷ್ಟ ಹತ್ತತೈತಿ."

ಓಣಿಯ ತುದಿಯ ಕಿರಾಣಿ ಅಂಗಡಿಯವರ ಮನೆಯ ರಾಜಮತಿ ಜೈನರಾಕೆ. ಹುಳ ಕೊಲ್ಲುವ ಮಾತನ್ನು ಅವಳ ಮುಂದೆ ಎತ್ತುವಂತಿರಲಿಲ್ಲ. ತನ್ನ ಗಿಡದ ಹುಳಗಳನ್ನು ಒಂದೊಂದಾಗಿ ಎಲೆಯ ಮೇಲೆ ಹತ್ತಿಸಿಕೊಂಡು, ಮೊರದಲ್ಲಿ ಕೂರಿಸಿ, ಪಾಳು ಜಾಗದ ಎಕ್ಕೆಗಿಡಗಳಲ್ಲಿ ಬಿಟ್ಟು ಬರುತ್ತಿದ್ದಳು. ಆ ಪಾಳು ಜಾಗಕ್ಕೆ ಅಂಟಿಕೊಂಡೇ ಸಕೀನಾಬಿಯ ಹಿತ್ತಲು. ಸಕೀನಾಬಿಯ ಗಂಡ ಇಬ್ರಾಹಿಮನದು ಸೈಕಲ್ ರಿಪೇರಿ ಅಂಗಡಿ. ಆಕೆ ಮನೆಯಲ್ಲಿ ಕೌದಿ ಹೊಲಿಯುತ್ತಿದ್ದಳು. "ಪುಣ್ಯ ನಿಮಗ, ಹುಳ ನಮಗ. ಚಲೋ ವಾಟ್ನಿ ಮಾಡೀರಿ ವೈನಿ" ಎಂದು ಆಕೆ ನಕ್ಕರೆ ರಾಜಮತಿಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಇಷ್ಟೆಲ್ಲ ಉಪದೇಶ ಮುಗಿದ ಮೇಲೆ, ಯಾರ ಮದ್ದಿಗೂ ಬಗ್ಗದ ರೋಗವಿದ್ದರೆ, ಎಲ್ಲರ ಬಾಯಿಂದಲೂ ಒಂದೇ ಮಾತು ಬರುತ್ತಿತ್ತು: "ಗಿರಿಜಕ್ಕಗ ತೋರಸು."

ಗಿರಿಜವ್ವ ಸಕೀನಾಬಿಯ ಪಕ್ಕದ ಮನೆಯವಳು. ಗಂಡ ಧರೆಪ್ಪ ಕಾಮಾಲೆಯಲ್ಲಿ ಹೋದಾಗ ಮಗ ಮಾಳಸಿದ್ದ ಇನ್ನೂ ಚಡ್ಡಿ ಹಾಕುತ್ತಿದ್ದ. ಬಸ್ ನಿಲ್ದಾಣದ ಹತ್ತಿರದ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿದು ಮಗನನ್ನು ಬೆಳೆಸಿದಳು. ಮಧ್ಯಾಹ್ನ ಮನೆಗೆ ಬಂದರೆ ಮೊಣಕೈತನಕ ಜೋಳದ ಹಿಟ್ಟು. ಆ ಕೈಯಲ್ಲೇ ಗಿಡ ನೋಡಲು ಹೊರಡುತ್ತಿದ್ದಳು. ಎಲೆ ತಿರುಗಿಸುತ್ತಿದ್ದಳು, ಬುಡದ ಮಣ್ಣನ್ನು ಬೆರಳಿನಿಂದ ಕೆದಕಿ ಮೂಸುತ್ತಿದ್ದಳು, ಸತ್ತ ಕೊಂಬೆ ಚಿವುಟುತ್ತಿದ್ದಳು. ಹೆಚ್ಚು ಮಾತಿಲ್ಲ. "ನೀರ ಭಾಳ ಆಗೇತಿ" ಎನ್ನುವಳು, ಇಲ್ಲವೇ "ಜಾಗಾ ಬದಲ ಮಾಡ" ಎನ್ನುವಳು. ಗಿಡ ಚಿಗುರುತ್ತಿತ್ತು. ನೀರು ಕಡಿಮೆ ಮಾಡಿದ್ದಕ್ಕೆ ಚಿಗುರಿತೋ, ಅವಳು ಮುಟ್ಟಿದ್ದಕ್ಕೆ ಚಿಗುರಿತೋ ಎಂದು ಯಾರೂ ಯೋಚಿಸಲಿಲ್ಲ. ಅವಳ ಕೈಗುಣ ಚಲೋ ಎಂದು ಓಣಿ ತೀರ್ಮಾನಿಸಿಬಿಟ್ಟಿತು.

ಗಂಡ ಸತ್ತವಳಿಗೆ ಆ ಓಣಿ ಕೊಟ್ಟ ಮರ್ಯಾದೆ ಅದೊಂದೇ. ಉಡಿ ತುಂಬಲು ಅವಳನ್ನು ಕರೆಯುತ್ತಿರಲಿಲ್ಲ. ಮದುವೆಯ ಅಕ್ಕಿಕಾಳಿಗೆ ಅವಳು ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದಳು, ತನ್ನ ಮಗನ ಮದುವೆಯಲ್ಲೂ. ಆದರೆ ಮಿರಗದ, ಎಂದರೆ ಮೃಗಶಿರಾದ, ಮೊದಲ ಮಳೆ ಬಿದ್ದ ಮರುದಿನ ಹಿತ್ತಲಿಗೆ ಬೀಜ ಊರುವಾಗ, ಮೊದಲ ಬೀಜಕ್ಕೆ ಗಿರಿಜವ್ವನೇ ಬೇಕು. ಬೆಳಿಗ್ಗೆಯಿಂದ ಒಂದೊಂದೇ ಮನೆಯವರು ಬಂದು ಕರೆಯುತ್ತಿದ್ದರು. ಅವಳು ಒಗೆದ ಇಳಕಲ್ ಸೀರೆ ಉಟ್ಟು ಹೋಗಿ, ಒದ್ದೆ ಮಣ್ಣಿನಲ್ಲಿ ಬೀಜ ಒತ್ತಿ, ಕಪ್ಪು-ಬಸಿಯಲ್ಲಿ ಚಹಾ ಕುಡಿದು ಬರುತ್ತಿದ್ದಳು. ವರ್ಷಕ್ಕೊಂದು ಸಲ ಅವಳೂ ಶುಭದ ಹೆಂಗಸು. ಆ ದಿನಕ್ಕಾಗಿ ಅವಳು ಎಷ್ಟು ಕಾಯುತ್ತಿದ್ದಳೆಂಬುದು ಬಹುಶಃ ಸಕೀನಾಬಿಗೆ ಮಾತ್ರ ಗೊತ್ತಿತ್ತು.

ಎಂಬತ್ಮೂರರ ಸುಮಾರಿಗೆ ಖಾನಾವಳಿ ಮುಚ್ಚಿತು. ಗಿರಿಜವ್ವ ತಂಬಾಕಿನ ವಖಾರಕ್ಕೆ ಹೋಗತೊಡಗಿದಳು. ನಿಪ್ಪಾಣಿಯಲ್ಲಿ ಕೈಗೆ ಕೆಲಸ ಬೇಕೆಂದವರಿಗೆ ವಖಾರದ ಬಾಗಿಲು ತೆರೆದೇ ಇರುತ್ತದೆ. ಒಣಗಿದ ಎಲೆ ಕುಟ್ಟುವುದು, ಜರಡಿ ಹಿಡಿಯುವುದು. ಸಂಜೆಗೆ ಹೊರಬಿದ್ದರೆ ಮೂಗು, ಕಣ್ಣು, ಗಂಟಲು ಎಲ್ಲ ಘಾಟು. ಕೈ ಎಂದರೆ ಕಂದು ಬಣ್ಣ ಹಿಡಿದ ಎರಡು ಹಲಗೆ. ಬಾಗಿಲಲ್ಲಿ ಚೊಂಬು ನೀರು ಸುರಿದುಕೊಂಡು ಕೈ ಜಾಡಿಸಿದರೆ ತೊಳೆದಂತೆ. ಓಣಿಯಿಂದ ಇನ್ನೂ ಒಂದಿಬ್ಬರು ಅಲ್ಲಿಗೆ ಹೋಗುತ್ತಿದ್ದರು, ಆದರೆ ಅವರಿಗೆ ಗಿಡದ ಹುಚ್ಚಿರಲಿಲ್ಲ.

ವಖಾರದಿಂದ ಅವಳಿಗೆ ಒಂದು ಹೊಸ ಮದ್ದೂ ಸಿಕ್ಕಿತು. ಗುಡಿಸಿ ಚೆಲ್ಲುವ ತಂಬಾಕಿನ ಧೂಳನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದು, ರಾತ್ರಿಯಿಡೀ ನೀರಲ್ಲಿ ನೆನೆಹಾಕಿ, ಸೋಸಿ, ಗಿಡಕ್ಕೆ ಚಿಮುಕಿಸಿದರೆ ಮಾವಾ ಬುಡಸಹಿತ ಉದುರಿ ಬೀಳುತ್ತಿತ್ತು. ಓಣಿಗೆ ಓಣಿಯೇ ಬೆರಗಾಯಿತು. ಗಿರಿಜವ್ವ ಸಂಜೆ ಸಂಜೆ ಮನೆಮನೆಗೆ ಹೋಗಿ, ತಾನೇ ಎಲೆ ತಿರುಗಿಸಿ, ತಾನೇ ಚಿಮುಕಿಸಿ ಬಂದಳು. ರಾಜಮತಿ ಮಾತ್ರ ಕಿವಿ ಮುಚ್ಚಿಕೊಂಡು, "ನಮಗ ಆ ಪಾಪ ಬ್ಯಾಡ್ರಿ, ನೀವು ಬಂದು ಬರೇ ಗಿಡಾ ಮುಟ್ಟಿ ಹೋಗ್ರಿ" ಎಂದಳು. ಅವಳು ಮುಟ್ಟಿ ಬಂದಳು.

ಸ್ವಲ್ಪ ದಿನಕ್ಕೆ ಗಿಡಗಳ ಎಲೆ ಬದಲಾಗತೊಡಗಿದವು. ಮಾವಾ ಇಲ್ಲ, ಹುಳವಿಲ್ಲ. ಆದರೂ ಟೊಮ್ಯಾಟೊ ಎಲೆಯ ಮೇಲೆ ಹಸಿರು ಹಳದಿ ಮಚ್ಚೆ, ಮೆಣಸಿನ ಎಲೆ ಮುದುಡಿ ಮುರುಟಿದವು, ಬದನೆ ಕುಳ್ಳಾಗಿ ನಿಂತುಬಿಟ್ಟಿತು. ಬೂದಿ ಉಗ್ಗಿದರು, ಮಜ್ಜಿಗೆ ಹಾಕಿದರು, ಹಳೇ ಚಪ್ಪಲಿ ಕಟ್ಟಿ ದೃಷ್ಟಿ ತೆಗೆದರು. ಗಿರಿಜವ್ವನನ್ನು ಮತ್ತೆ ಮತ್ತೆ ಕರೆದರು. ಅವಳು ಮತ್ತೆ ಮತ್ತೆ ಹೋಗಿ ಮುಟ್ಟಿ ನೋಡಿದಳು. ಅವಳು ಮುಟ್ಟಿದಷ್ಟೂ ಅವು ಹಾಳಾದವು.

ಅದೇ ಮಳೆಗಾಲದಲ್ಲಿ ಸೊಸೆ ಅಕ್ಕಾತಾಯಿಯ ಹೊಟ್ಟೆಯಲ್ಲಿದ್ದದ್ದು ಐದು ತಿಂಗಳಿಗೆ ಜಾರಿತು. ರಾಯಬಾಗದ ಕಡೆಯ ಹುಡುಗಿ, ತವರಿನಲ್ಲಿ ತಾಯಿಯಿಲ್ಲ. ಅದಕ್ಕೇ ಗಿರಿಜವ್ವ ದಿನಾ ಸಂಜೆ ಅವಳ ಬೆನ್ನಿಗೆ, ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಮಗಳಿಲ್ಲದ ಗಿರಿಜವ್ವನಿಗೆ ಆ ತಿಕ್ಕುವುದೇ ಒಂದು ಸುಖವಾಗಿತ್ತು. ಗರ್ಭ ಹೋದ ದಿನ ಅತ್ತೆ-ಸೊಸೆ ಇಬ್ಬರೂ ಒಬ್ಬರನ್ನೊಬ್ಬರು ಅಪ್ಪಿಕೊಂಡು ಅತ್ತರು.

ನಳದ ಹತ್ತಿರ ಮಾತು ಹೇಗೆ ಹುಟ್ಟುತ್ತದೆ, ಯಾರ ಬಾಯಲ್ಲಿ ಹುಟ್ಟುತ್ತದೆ ಎಂದು ಹೇಳುವುದು ಕಷ್ಟ. ಎಲ್ಲರೂ ತಾವು ಕೇಳಿದವರೇ, ಹೇಳಿದವರು ಯಾರೂ ಇಲ್ಲ. ಗಿರಿಜವ್ವನ ಕೈ ಕೆಟ್ಟಿದೆಯಂತೆ. ಮುಟ್ಟಿದ್ದು ಒಣಗುತ್ತದಂತೆ. ಸೊಸೆಯ ಬಸಿರೂ ಹಾಗೇ ಅಂತೆ. ಅವಳು ಮುಟ್ಟಿದ ಹೀರೆಬಳ್ಳಿ ಗೋಡೆ ಹತ್ತಿ ಮಾಳಿಗೆಗೆ ಹೋಗಿತ್ತು, ಅವಳು ಊರಿದ ಹಾಗಲ ಬಳ್ಳಿ ಕಾಯಿ ಬಿಟ್ಟು ಜೋತಾಡುತ್ತಿತ್ತು. ಆ ಜಾಣೆಯರ ಕಣ್ಣಿಗೆ ಅದು ಬೀಳಲೇ ಇಲ್ಲ! ಒಣಗಿದ್ದನ್ನು ಮಾತ್ರ ಎಣಿಸಿದರು. ಗಿರಿಜವ್ವ ಕೊಡ ಹಿಡಿದು ಬಂದರೆ ಮಾತು ನಿಲ್ಲುತ್ತಿತ್ತು. "ಬರ್ರಿ, ಮೊದಲ ನೀವಽ ತುಂಬಕೋರಿ" ಎಂದು ಜಾಗ ಬಿಡುತ್ತಿದ್ದರು. ಆ ಮರ್ಯಾದೆ ಅವಳಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು.

ಮುಂದಿನ ಮಿರಗಕ್ಕೆ ಕರೆದವರು ಕಡಿಮೆಯಾದರು. ಅದರ ಮುಂದಿನ ಮಿರಗಕ್ಕೆ, ಎಂಬತ್ತೈದರಲ್ಲಿ, ಮಳೆ ಬಿದ್ದ ಮರುದಿನ ಅವಳು ವಖಾರಕ್ಕೆ ರಜೆ ಹೇಳಿ, ಸೀರೆ ಉಟ್ಟು, ಬಾಗಿಲಲ್ಲಿ ಕೂತೇ ಇದ್ದಳು. ರಾಜಮತಿ ಎದುರಿಗೇ ಹಾದು ಹೋಗಬೇಕಾಯಿತು. ಕೆಟ್ಟ ಹೆಂಗಸಲ್ಲ ಆಕೆ, ಹುಳಕ್ಕೂ ನೋವಾಗಬಾರದೆನ್ನುವವಳು. ನಿಂತು, ನೆಲ ನೋಡುತ್ತ ಹೇಳಿದಳು:

"ಗಿರಿಜವ್ವಾ, ತಪ್ಪ ತಿಳಕೋಬ್ಯಾಡ್ರಿ. ಈ ಸಲ ಬೀಜ ನಾವಽ ಊರಿದಿವಿ."

"ತಪ್ಪೇನ ಬಂತ್ರಿ ವೈನಿ. ನಿಮ್ಮ ಹಿತ್ತಲಾ, ನಿಮ್ಮ ಬೀಜ" ಎಂದಳು ಗಿರಿಜವ್ವ.

ಆಮೇಲೆ ಬಂದವಳು ಸಕೀನಾಬಿ ಒಬ್ಬಳೇ. ಅವಳಿಗೆ ಸಿಟ್ಟು ನೆತ್ತಿಗೇರಿತ್ತು. "ಏಳ ಗಿರಿಜಾ, ನಮ್ಮ ಹಿತ್ತಲಕ ಬಾ. ಇವರ ಬಾಯಾಗ ಹುಳ ಬೀಳಲಿ. ಕೈಯಾಗ ಏನ ಇರ್ತೈತಿ? ಕೈ ಅಂದ್ರ ಕೈ, ಅಷ್ಟ."

ಗಿರಿಜವ್ವ ಏಳಲಿಲ್ಲ. ಅವಳ ತಲೆಯಲ್ಲಿ ಬೇರೊಂದು ಓಡುತ್ತಿತ್ತು. ಅಕ್ಕಾತಾಯಿಗೆ ಮತ್ತೆ ಮುಟ್ಟು ನಿಂತಿತ್ತು. ಅವಳು ಇನ್ನೂ ಯಾರಿಗೂ ಹೇಳಿರಲಿಲ್ಲ, ಅತ್ತೆ ತಾನಾಗಿ ಗುರುತಿಸಿದ್ದಳು. ಓಣಿಯವರ ಮಾತು ಸುಳ್ಳಾದರೆ ಸರಿ; ಒಂದು ವೇಳೆ ನಿಜವಾದರೆ? ಆ ಹುಡುಗಿಯ ಮೈಮೇಲೆ ತಾನು ಮತ್ತೆ ಕೈಯಿಡುವುದು ಹೇಗೆ?

ಅವಳು ಪರೀಕ್ಷೆ ಮಾಡಿದಳು. ಹಿತ್ತಲಲ್ಲಿ ಎರಡು ಡಾಲ್ಡಾ ಡಬ್ಬಿಗೆ ಒಂದೇ ಮಣ್ಣು ತುಂಬಿ, ಒಂದರಲ್ಲಿ ಮೆಣಸಿನ ಸಸಿಯನ್ನು ತಾನು ನೆಟ್ಟಳು. ಇನ್ನೊಂದರಲ್ಲಿ ಸಕೀನಾಬಿಯಿಂದ ನೆಡಿಸಿದಳು. ಏಕೆಂದು ಹೇಳಲಿಲ್ಲ. ಎರಡಕ್ಕೂ ಒಂದೇ ಚೊಂಬಿನ ನೀರು, ಒಂದೇ ಬಿಸಿಲು. ತನ್ನ ಗಿಡವನ್ನು ದಿನಾ ಸಂಜೆ ಮುಟ್ಟಿ, ಎಲೆ ಸವರಿ, "ನನ್ನ ಮಾನ ಉಳಸವ್ವಾ" ಎಂದು ಬೇಡಿಕೊಳ್ಳುತ್ತಿದ್ದಳು. ಇನ್ನೊಂದಕ್ಕೆ ದೂರದಿಂದಲೇ ನೀರು ಹೊಯ್ಯುತ್ತಿದ್ದಳು. ಶ್ರಾವಣದ ಹೊತ್ತಿಗೆ ಸಕೀನಾಬಿಯ ಗಿಡ ಹೂಬಿಟ್ಟು ಕಡ್ಡಿಯಷ್ಟುದ್ದದ ಕಾಯಿ ಹಿಡಿಯಿತು. ಗಿರಿಜವ್ವನದು ಮುರುಟಿ, ಹಳದಿಯಾಗಿ, ಒಂದು ಹೂವನ್ನೂ ಕಾಣಲಿಲ್ಲ.

ಇನ್ನೇನು ಸಾಕ್ಷಿ ಬೇಕು? ಯಾರ ಬಾಯಿಮಾತೂ ಅಲ್ಲ, ತನ್ನ ಕಣ್ಣಿಂದ ತಾನೇ ನೋಡಿದ್ದು. ಅವಳು ಆ ಗಿಡವನ್ನು ಕಿತ್ತು ಪಾಳು ಜಾಗಕ್ಕೆ ಎಸೆದಳು. ಎಲ್ಲಿ ಹೋಯಿತೆಂದು ಸಕೀನಾಬಿ ಕೇಳಿದ್ದಕ್ಕೆ "ಇಲಿ ಕಡೀತು" ಎಂದಳು. ಅಂದಿನಿಂದ ಅವಳು ಸೊಸೆಯ ಮೈ ಮುಟ್ಟಲಿಲ್ಲ. ಎಣ್ಣೆ ತಿಕ್ಕಲು ಸಕೀನಾಬಿಯನ್ನು ಕರೆದಳು. "ನನ್ನ ಕೈ ನೋವಾಗಾಕತ್ತೈತಿ, ವಖಾರದ ಕೆಲಸ" ಎಂದು ನೆವ ಹೇಳಿದಳು. ಬಸುರಿಯ ಮುಂದೆ ಅಂಥ ಅಪಶಕುನದ ಮಾತನ್ನು ಬಾಯಿಬಿಟ್ಟು ಹೇಳುವುದಾದರೂ ಹೇಗೆ? ಹೇಳಿದರೆ ಆ ಮಾತೇ ಹೊಟ್ಟೆಗೆ ತಾಗೀತು ಎಂದು ಅವಳ ಜೀವ ನಡುಗುತ್ತಿತ್ತು.

ಚಳಿಗಾಲದಲ್ಲಿ, ಮಾಳಸಿದ್ದ ಕಬ್ಬಿನ ಟ್ರ್ಯಾಕ್ಟರ್ ಓಡಿಸಲು ಉಗಾರದ ಫ್ಯಾಕ್ಟರಿ ಕಡೆ ಹೋಗಿದ್ದಾಗ, ಸರಕಾರಿ ದವಾಖಾನೆಯಲ್ಲಿ ಹೆಣ್ಣುಕೂಸು ಹುಟ್ಟಿತು. ನರ್ಸಬಾಯಿ ಬಟ್ಟೆಯಲ್ಲಿ ಸುತ್ತಿ ತಂದು, "ಹಿಡೀರಿ ಆಯಿ, ನಿಮ್ಮ ಮೊಮ್ಮಗಳ್ನ" ಎಂದು ಚಾಚಿದಳು. ಗಿರಿಜವ್ವ ಎರಡು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

"ಯಾಕ್ರಿ, ಹೆಣ್ಣಂತ ಬ್ಯಾಸರಾತೇನು?" ಎಂದು ನರ್ಸಬಾಯಿ ನಕ್ಕಳು.

ಹಾಸಿಗೆಯ ಮೇಲಿದ್ದ ಅಕ್ಕಾತಾಯಿ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ಅತ್ತೆ ಇಲ್ಲವೆನ್ನಲಿಲ್ಲ. ಸಕೀನಾಬಿ ಮುಂದೆ ಬಂದು ಕೂಸನ್ನು ಎತ್ತಿಕೊಂಡಳು.

ಚಿಂಚಲಿಯ ದೇವಿಯ ಹೆಸರಲ್ಲಿ ಕೂಸಿಗೆ ಮಾಯಕ್ಕ ಎಂದು ಹೆಸರಿಟ್ಟರು. ಮನೆಯಲ್ಲಿ ಮಾಯಿ. ಮಾಯಿಗೆ ಎರೆಯುವ ನೀರು ಕಾಯಿಸುವವಳು ಗಿರಿಜವ್ವ, ಎರೆಯುವವಳು ಸಕೀನಾಬಿ. ಲೋಬಾನದ ಕೆಂಡ ಸಿದ್ಧ ಮಾಡುವವಳು ಗಿರಿಜವ್ವ, ಹೊಗೆ ಹಿಡಿಯುವವಳು ಸಕೀನಾಬಿ. ತೊಟ್ಟಿಲು ತೂಗಬೇಕಾದರೆ ಗಿರಿಜವ್ವ ಹಗ್ಗ ಉದ್ದ ಮಾಡಿಕೊಂಡು ಅಡಿಗೆಮನೆಯಿಂದಲೇ ಎಳೆಯುತ್ತಿದ್ದಳು. ಕೂಸಿನ ಮುಖವನ್ನೂ ನೋಡುತ್ತಿರಲಿಲ್ಲ. ನೋಡಿದರೆ ಎತ್ತಿಕೊಳ್ಳದೆ ಇರಲಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅದು ಅತ್ತಾಗ ಅವಳ ತೋಳುಗಳು ತಾವಾಗಿಯೇ ಏಳುತ್ತಿದ್ದವು. ಅವಳು ಹಿತ್ತಲಿಗೆ ಎದ್ದು ಹೋಗಿಬಿಡುತ್ತಿದ್ದಳು.

ಒಂದು ದಿನ ಅಕ್ಕಾತಾಯಿ ಸಕೀನಾಬಿಯ ಮುಂದೆ, ಅತ್ತೆಗೆ ಕೇಳಲಿ ಎಂದೇ, "ಗಂಡಾಗಿದ್ರ ನೆಲಕ್ಕ ಇಳಸ್ತಿದ್ದಿಲ್ಲ ಬಿಡ್ರಿ ಖಾಲಾ" ಎಂದಳು. ಗಿರಿಜವ್ವ ಒಲೆಯ ಮುಂದಿದ್ದಳು. ಎದ್ದು ಬಂದು ಹಂಗಲ್ಲವ್ವಾ ಎಂದು ಹೇಳಬಹುದಿತ್ತು. ಹೇಳಲಿಲ್ಲ. ತನ್ನನ್ನು ಕಲ್ಲೆದೆಯವಳು ಎಂದುಕೊಳ್ಳಲಿ, ಕೂಸು ಚೆನ್ನಾಗಿರಲಿ, ಅಷ್ಟು ಸಾಕು. ಆ ದಿನ ಅವಳು ಹಾಗೆ ನಂಬಿದ್ದಳು. ಪ್ರೀತಿಯಿಂದ ಮಾಡಿದ ತಪ್ಪಿಗೂ ಒಂದು ಮೊಂಡುತನವಿರುತ್ತದೆ. ರೊಟ್ಟಿ ಹೊತ್ತಿ ಕರ್ರಗಾಯಿತು, ಅವಳಿಗೆ ತಿಳಿಯಲೇ ಇಲ್ಲ.

ಮಳೆಗಾಲದಲ್ಲಿ ಓಣಿಗೆ ವಾಂತಿ-ಭೇದಿ ಬಂತು. ದೊಡ್ಡವರು ಎರಡು ದಿನ ಮಲಗಿ ಎದ್ದರು. ಮಾಯಿ ಏಳಲಿಲ್ಲ. ಬೆಳಿಗ್ಗೆ ನೋಡಿದರೆ ಕಣ್ಣು ಗುಳಿ ಬಿದ್ದು, ಅಳಲಿಕ್ಕೂ ತ್ರಾಣವಿಲ್ಲದೆ ಮಲಗಿತ್ತು. ಮಾಳಸಿದ್ದ ಊರಲ್ಲಿರಲಿಲ್ಲ. ಅಕ್ಕಾತಾಯಿ ಕೂಸನ್ನು ಅತ್ತೆಯ ಮುಂದೆ ಚಾಚಿದಳು.

"ಅತ್ತಿ, ಒಂದೀಟ ಹಿಡೀರಿ. ನಾ ಓಡಿ ಟಾಂಗಾ ಕರಕೊಂಡ ಬರ್ತೀನಿ."

"ನೀ ಇರು, ನಾನಽ ಹೋಗ್ತೀನಿ" ಎಂದು ಗಿರಿಜವ್ವ ಹೊರಗೆ ಹಾರಿದಳು. ಚಪ್ಪಲಿ ಮೆಟ್ಟಲಿಲ್ಲ. ಕೆಸರಲ್ಲಿ ಜಾರಿ ಬಿದ್ದು ಎದ್ದು ಮತ್ತೆ ಓಡಿದಳು. ಬಸ್ ನಿಲ್ದಾಣದ ಹತ್ತಿರ ಟಾಂಗಾದವನನ್ನು ರಟ್ಟೆ ಹಿಡಿದು ಎಬ್ಬಿಸಿದಳು. ವಾಪಸು ಬಂದು ಓಣಿಯ ಬಾಯಲ್ಲಿ ಇಳಿದಾಗ ಮನೆಯ ಮುಂದೆ ಹೆಂಗಸರು ನಿಂತಿದ್ದರು. ಅವಳನ್ನು ಕಂಡು ದಾರಿ ಬಿಟ್ಟರು. ಒಳಗಿನಿಂದ ಸಕೀನಾಬಿಯ "ಯಾ ಅಲ್ಲಾ" ಕೇಳಿಸಿತು.

ಅಕ್ಕಾತಾಯಿ ಗೋಡೆಗೊರಗಿ, ಕೂಸನ್ನು ಮಡಿಲಲ್ಲಿಟ್ಟುಕೊಂಡು, ಅಳದೆ ಕೂತಿದ್ದಳು. ಇನ್ನು ತನ್ನ ಕೈ ಇದಕ್ಕೆ ಏನು ಮಾಡೀತು ಎಂದುಕೊಂಡಳು ಗಿರಿಜವ್ವ. ಮೊಣಕಾಲೂರಿ ಕೂತು, ಕೆಸರು ಮೆತ್ತಿದ ಎರಡೂ ಕೈಗಳನ್ನು ಮುಂದೆ ಚಾಚಿದಳು. ಅದೇ ಮೊದಲು.

ಅಕ್ಕಾತಾಯಿ ಕೂಸನ್ನು ಎದೆಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. "ಈಗ್ಯಾಕ್ರಿ ಅತ್ತಿ?" ಎಂದಳು.

ಕೂಸನ್ನು ಇಬ್ರಾಹಿಮ ಮತ್ತು ಓಣಿಯ ಗಂಡಸರು ಒಯ್ದರು. ಮಾಳಸಿದ್ದ ಸಂಜೆ ಬಂದ. ಆಮೇಲೆ ಆ ಮನೆಯಲ್ಲಿ ಅತ್ತೆ-ಸೊಸೆಯರ ನಡುವೆ ಉಪ್ಪು, ನೀರು, ಕಟ್ಟಿಗೆ ಬಿಟ್ಟರೆ ಬೇರೆ ಮಾತಿರಲಿಲ್ಲ. ಗಿರಿಜವ್ವ ವಖಾರಕ್ಕೆ ಹೋಗಿ ಬರುತ್ತಿದ್ದಳು. ನಳಕ್ಕೆ ಎಲ್ಲರಿಗಿಂತ ಕೊನೆಗೆ ಹೋಗುತ್ತಿದ್ದಳು. ಹೀಗೇ ಬಿಟ್ಟರೆ ಇವಳು ಉಳಿಯುವುದಿಲ್ಲ ಎಂದು ಸಕೀನಾಬಿಗೆ ಹೆದರಿಕೆಯಾಯಿತು. ಗದರಿಸಿ, ಕೈಹಿಡಿದು ಎಳೆದುಕೊಂಡು ಹೋಗಿ, ತನ್ನ ಹಿತ್ತಲಲ್ಲಿ ಅವಳಿಂದ ಟೊಮ್ಯಾಟೊ ಸಸಿ ನೆಡಿಸಿದಳು. "ಬದುಕಿದ್ರ ಬದುಕಲಿ, ಸತ್ರ ಸಾಯಲಿ. ನೀ ಮಣ್ಣ ಮುಟ್ಟು" ಎಂದಳು. ದೀಪಾವಳಿಯ ಹೊತ್ತಿಗೆ ಆ ಸಸಿಗಳ ಎಲೆಯಲ್ಲೂ ಹಳದಿ ಮಚ್ಚೆ ಮೂಡಿತು.

ದೀಪಾವಳಿಗೆ ರಾಜಮತಿಯ ತಮ್ಮನ ಮಗ ಮಹಾವೀರ ಬಂದಿದ್ದ. ಧಾರವಾಡದಲ್ಲಿ ಕೃಷಿ ಕಾಲೇಜು ಓದುತ್ತಿದ್ದ. ನಗುಮುಖದ, ವಾಚಾಳಿ ಹುಡುಗ. ಓಣಿಯ ಹೆಂಗಸರು ಬಿಡುತ್ತಾರೆಯೇ? ಒಬ್ಬಳು ಬದನೆ ತೋರಿಸಿದಳು, ಇನ್ನೊಬ್ಬಳು ನಿಂಬೆಗಿಡದ ಮುಂದೆ ನಿಲ್ಲಿಸಿದಳು. ಅವನೂ ಹಬ್ಬದ ಕರ್ಚೀಕಾಯಿ ಕಡಿಯುತ್ತ, ಎಲ್ಲದಕ್ಕೂ ಉತ್ತರ ಕೊಡುತ್ತ, ಕೊನೆಗೆ ಸಕೀನಾಬಿಯ ಹಿತ್ತಲಿಗೆ ಬಂದ. ಹಿಂದೆ ಏಳೆಂಟು ಹೆಂಗಸರು. ಸಕೀನಾಬಿ ಗಿರಿಜವ್ವನನ್ನೂ ಕರೆತಂದಿದ್ದಳು. ಅವಳು ಬಾಗಿಲ ಹತ್ತಿರ ನಿಂತಿದ್ದಳು.

ಮಹಾವೀರ ಟೊಮ್ಯಾಟೊ ಎಲೆ ಕಿತ್ತು ಬಿಸಿಲಿಗೆ ಹಿಡಿದ. ಅವನ ಮುಖ ಅರಳಿತು, ಪುಸ್ತಕದಲ್ಲಿ ಓದಿದ್ದು ಕಣ್ಣೆದುರು ಸಿಕ್ಕಿತಲ್ಲ.

"ಇದು ಹುಳದ ಕಾಟ ಅಲ್ರಿ. ತಂಬಾಕಿನ ಗಿಡಕ್ಕ ಬರೂ ರೋಗ. ಒಣಗಿದ ತಂಬಾಕದಾಗೂ ಉಳದಿರ್ತೈತಿ. ತಂಬಾಕ ಮುಟ್ಟಿದ ಕೈಲೆ ಟೊಮ್ಯಾಟೊ, ಮೆಣಸಿನಗಿಡ, ಬದನಿ ಮುಟ್ಟಿದ್ರ ಇವಕ್ಕೂ ಹತ್ತತೈತಿ. ಹೀರಿ, ಹಾಗಲಕ್ಕ ಏನೂ ಆಗೂದಿಲ್ಲ. ಇಲ್ಲಿ ಯಾರರ ವಖಾರಕ್ಕ ಹೋಗೋರು ಗಿಡಾ ನೋಡತಾರೇನ್ರಿ?"

ಎಲ್ಲರೂ ಗಿರಿಜವ್ವನ ಕಡೆ ತಿರುಗಿದರು. ಅವಳು ಬಾಗಿಲು ಬಿಟ್ಟು ಮುಂದೆ ಬಂದಳು.

"ಮನಷಾರಿಗಿ ಹತ್ತತೈತೇನಪಾ ಅದು?"

"ಏ, ಇಲ್ರಿ ಅವ್ವಾರ."

"ಸಣ್ಣ ಕೂಸಿಗಿ?"

"ಯಾರಿಗೂ ಏನೂ ಆಗಂಗಿಲ್ರಿ. ಗಿಡಕ್ಕಷ್ಟ. ಅದೂ ಸಾಬಾಣ ಹಚ್ಚಿ ಚಂದಂಗ ಕೈ ತೊಳಕೊಂಡು ಮುಟ್ಟಿದ್ರ ಮುಗೀತು, ಗಿಡಕ್ಕೂ ಏನಿಲ್ಲ" ಎಂದು ನಗುತ್ತ, ಅವನು ಇನ್ನೊಂದು ಕರ್ಚೀಕಾಯಿ ಬಾಯಿಗೆ ಹಾಕಿಕೊಂಡ. ಅವನಿಗೇನು ಗೊತ್ತು ಪಾಪ.

ಹಿತ್ತಲಲ್ಲಿ ಒಮ್ಮೆಲೇ ಗದ್ದಲವೆದ್ದಿತು. ಎಲ್ಲರಿಗೂ ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. "ನೋಡ್ರಿ ಗಿರಿಜಕ್ಕಾ, ಬರೇ ಸಾಬಾಣ ಅಂತ!" ಎಂದಳೊಬ್ಬಳು. "ನಾ ಅವತ್ತಽ ಅಂದಿದ್ದೆ, ಗಿರಿಜಕ್ಕನ ಕೈ ಹಂತಾದ್ದಲ್ಲ ಅಂತ" ಎಂದಳು ಇನ್ನೊಬ್ಬಳು. ಅವಳು ಹಾಗ್ಯಾವತ್ತೂ ಅಂದಿರಲಿಲ್ಲ. ರಾಜಮತಿಯ ಕಣ್ಣಲ್ಲಿ ನೀರು ಬಂತು. "ಬರೂ ಮಿರಗಕ್ಕ ನಮ್ಮ ಹಿತ್ತಲದ ಮೊದಲನೇ ಬೀಜ ನಿಮ್ಮದಽ, ಗಿರಿಜವ್ವಾ" ಎಂದು ಅವಳ ಕೈ ಹಿಡಿದುಕೊಂಡಳು. ಎಷ್ಟೋ ದಿನಗಳ ಮೇಲೆ ಆ ಕೈಯನ್ನು, ಸಕೀನಾಬಿಯನ್ನು ಬಿಟ್ಟರೆ, ಓಣಿಯವರೊಬ್ಬರು ತಾವಾಗಿ ಹಿಡಿದಿದ್ದರು.

ಗಿರಿಜವ್ವ ಮೆಲ್ಲಗೆ ಕೈ ಬಿಡಿಸಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಸಂತೋಷಕ್ಕೆ ಕೂತಳೆಂದು ಹೆಂಗಸರು ತಿಳಿದರು. ಸಕೀನಾಬಿ ಮಾತ್ರ ಅವಳ ಮುಖ ನೋಡಿದಳು. ಎರಡು ಡಬ್ಬಿಗಳಲ್ಲಿ ಒಂದನ್ನು ತನ್ನಿಂದ ಏಕೆ ನೆಡಿಸಿದಳು, ಏಳು ತಿಂಗಳು ಕೂಸಿಗೆ ತನ್ನಿಂದ ಏಕೆ ನೀರು ಎರೆಯಿಸಿದಳು ಎಂಬುದು ಆಗ ಅವಳಿಗೆ ಹೊಳೆಯಿತು. "ಅಯ್ಯ ನಮ್ಮವ್ವಾ, ಇದಕ್ಕೇನ?" ಎಂದವಳೇ ಬಾಯಿಗೆ ಸೆರಗು ಒತ್ತಿಕೊಂಡಳು.

ಗಿರಿಜವ್ವ ಮನೆಗೆ ಬಂದಾಗ ಅಕ್ಕಾತಾಯಿ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಗಿರಿಜವ್ವ ಎದುರಿಗೆ ಕೂತಳು. ಎಲ್ಲಿಂದ ಶುರುಮಾಡಬೇಕೋ ತಿಳಿಯದೆ ಮೆಣಸಿನ ಗಿಡದಿಂದ ಶುರುಮಾಡಿದಳು. ನಳದ ಮಾತು, ಮಿರಗದ ದಿನ ಬಾಗಿಲಲ್ಲಿ ಕೂತದ್ದು, ಮೊದಲ ಬಸಿರಿಗೆ ಎಣ್ಣೆ ತಿಕ್ಕಿದ್ದು, ಎರಡು ಡಬ್ಬಿ, ಈಗ ಆ ಹುಡುಗ ಹೇಳಿದ್ದು. ಒಂದನ್ನೂ ಬಿಡಲಿಲ್ಲ. ಅಳಲೂ ಇಲ್ಲ, ಅಳುವ ಹಕ್ಕೂ ತನಗಿಲ್ಲವೆಂದು ಅವಳಿಗೆ ಅನಿಸಿತ್ತು.

ಅಕ್ಕಾತಾಯಿಯ ಕೈಯಲ್ಲಿ ಮೊರ ನಿಂತುಹೋಗಿತ್ತು.

"ಹಿಂಗ ಅಂತ ನನ್ನ ಮುಂದ ಒಂದ ಮಾತ ಹೇಳಿದ್ರ ಏನಾಗ್ತಿತ್ರಿ ಅತ್ತಿ?"

"ಹೇಳಾಕ ಅಂಜಿಕಿ ಬಂತವ್ವಾ."

"ನಾ ಹಾಲ ಕುಡಸಾಗ ಆಕೀಗಿ ಹೇಳತಿದ್ದೆ" ಎಂದಳು ಅಕ್ಕಾತಾಯಿ. "ನಿಮ್ಮ ಆಯಿಗಿ ಗಂಡ ಬೇಕಾಗಿತ್ತವಾ, ಅದಕ್ಕ ನಿನ್ನ ಮುಟ್ಟಂಗಿಲ್ಲ ಅಂತ. ದಿನಾ ಹೇಳತಿದ್ದೆ."

ಹೊರಗೆ ಓಣಿಯ ಹುಡುಗರು ಪಟಾಕಿ ಹಚ್ಚುತ್ತಿದ್ದರು. ಅಷ್ಟು ಸಣ್ಣ ಕೂಸಿಗೆ ಏನು ತಿಳಿದೀತೆಂದು ತನಗೇ ಗೊತ್ತಿದ್ದರೂ, ಗಿರಿಜವ್ವನಿಗೆ ಕೇಳದೆ ಇರಲಾಗಲಿಲ್ಲ.

"ಆಕಿ ನಂಬಿದ್ಲೇನವ್ವಾ?"

ಅಕ್ಕಾತಾಯಿ ಮೊರ ಪಕ್ಕಕ್ಕಿಟ್ಟಳು. "ಇಲ್ರಿ ಅತ್ತಿ. ನೀವು ತಿರಗಿ ನೋಡಲಿಲ್ಲ. ನೀವು ಹಿತ್ತಲಕ ಎದ್ದ ಹೋಗೂ ಮುಂದ, ದಿನಾ, ನಿಮ್ಮ ಬೆನ್ನ ಹಿಂದ ಎರಡೂ ಕೈ ಚಾಚತಿದ್ಲು."